ಹೈಬ್ರಿಡ್ ಹಿಟಾಚಿ, ಹೈಬ್ರಿಡ್ ಜನರೇಟರ್: ಕಾಮಗಾರಿ ಜಾಗದಲ್ಲಿ ಡೀಸೆಲ್ ನಿಜಕ್ಕೂ ಎಷ್ಟು ಉಳಿಯುತ್ತದೆ?

‘ಡೀಸೆಲ್ ಇಲ್ಲದೆ ಓಡುವ ಹೈಬ್ರಿಡ್ ಯಂತ್ರ’, ‘ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವ ಜನರೇಟರ್’, ‘ಹೈಬ್ರಿಡ್ ತೆಗೆದುಕೊಂಡರೆ ಖರ್ಚು ಅರ್ಧಕ್ಕೆ ಅರ್ಧ ಕಡಿಮೆ’. ಇಂಥ ಸಾಲುಗಳಿರುವ ವಿಡಿಯೊ, ಪೋಸ್ಟರ್‌ಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಗುತ್ತಿಗೆದಾರರು, ಜೆಸಿಬಿ ಮಾಲೀಕರು, ಮನೆ ಕಟ್ಟಿಸುವವರು ಇರುವ ಗುಂಪುಗಳಲ್ಲಿ ಇವು ಬೇಗ ಹರಡುತ್ತವೆ. ಇದಕ್ಕೆ ಉಲ್ಟಾ ಹೇಳುವವರೂ ಇದ್ದಾರೆ: ‘ನಮ್ಮ ಬಿಸಿಲಿಗೆ ಬ್ಯಾಟರಿ ಸಿಡಿಯುತ್ತದೆ’, ‘ಮಳೆಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ’.

ಎರಡೂ ಕಡೆಯ ಮಾತು ಪೂರ್ತಿ ನಿಜವಲ್ಲ. ಹೈಬ್ರಿಡ್ ಯಂತ್ರಗಳಿಂದ ಲಾಭ ಇದೆ. ಆದರೆ ಅದು ಯಾವ ಯಂತ್ರ, ಯಾವ ಕೆಲಸ, ವರ್ಷಕ್ಕೆ ಎಷ್ಟು ಗಂಟೆ ಎನ್ನುವುದರ ಮೇಲೆ ನಿಂತಿದೆ. ಬ್ಯಾಂಕಿನಿಂದ ಸಾಲ ಮಾಡಿ ಒಂದೇ ಒಂದು ಯಂತ್ರ ಕೊಂಡು, ಅದರ ಬಾಡಿಗೆಯಿಂದ ಕಂತು ಕಟ್ಟುವ ಕುಟುಂಬಕ್ಕೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಕಲಬುರಗಿ ನಗರ ಮತ್ತು ಕಮಲಾಪುರದ ಮಣ್ಣು, ಬಿಸಿಲು, ಕೆಲಸದ ರೀತಿಯನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

ಮುಖ್ಯಾಂಶಗಳು

• ಹೈಬ್ರಿಡ್ ಯಂತ್ರಕ್ಕೆ ಡೀಸೆಲ್ ಬೇಕೇ ಬೇಕು. ಅದು ವ್ಯರ್ಥವಾಗುವ ಶಕ್ತಿಯನ್ನು ಉಳಿಸುತ್ತದೆಯೇ ಹೊರತು ಶಕ್ತಿಯನ್ನು ಹುಟ್ಟಿಸುವುದಿಲ್ಲ.
• ಮಣ್ಣು ತೋಡಿ ಟಿಪ್ಪರ್‌ಗೆ ತುಂಬುವಂಥ ಕೆಲಸದಲ್ಲಿ ಲಾಭ ಹೆಚ್ಚು. ಕಲ್ಲು ಒಡೆಯುವ ಬ್ರೇಕರ್ ಕೆಲಸದಲ್ಲಿ ಕಡಿಮೆ.
• ಸಣ್ಣ ಗುತ್ತಿಗೆದಾರರಿಗೆ ಹೆಚ್ಚು ಉಪಯೋಗ ಸಿಗುವುದು ಜನರೇಟರ್ ಜೊತೆಗೆ ಬ್ಯಾಟರಿ ಸೇರಿಸುವುದರಿಂದ ಮತ್ತು ರಾತ್ರಿ ದೀಪಗಳನ್ನು ಬದಲಿಸುವುದರಿಂದ.
• ಹೊಗೆ ಮತ್ತು ಸದ್ದು ಕಡಿಮೆಯಾಗುತ್ತದೆ. ಧೂಳು ಕಡಿಮೆಯಾಗುವುದಿಲ್ಲ.
• ಹೈಬ್ರಿಡ್ ಜನರೇಟರ್ ಆದರೂ ಮುಚ್ಚಿದ ಜಾಗದಲ್ಲಿ ಓಡಿಸಿದರೆ ಪ್ರಾಣಕ್ಕೆ ಅಪಾಯ.

ಹೈಬ್ರಿಡ್ ಎಂದರೆ ಏನು?

ಎರಡು ಬಗೆಯ ಶಕ್ತಿಮೂಲಗಳು ಒಟ್ಟಿಗೆ ಕೆಲಸ ಮಾಡುವ ಯಂತ್ರವೇ ಹೈಬ್ರಿಡ್. ಕಾಮಗಾರಿ ಯಂತ್ರಗಳಲ್ಲಿ ಒಂದು ಮೂಲ ಸಾಮಾನ್ಯವಾಗಿ ಡೀಸೆಲ್ ಎಂಜಿನ್. ಇನ್ನೊಂದು, ಶಕ್ತಿಯನ್ನು ಕೂಡಿಟ್ಟು ಮತ್ತೆ ಕೊಡುವ ಒಂದು ಸಾಧನ. ಅದು ಮೂರು ರೂಪದಲ್ಲಿ ಇರಬಹುದು:

1. ಬ್ಯಾಟರಿ: ಹೆಚ್ಚು ಶಕ್ತಿಯನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ.
2. ಕೆಪ್ಯಾಸಿಟರ್: ಸ್ವಲ್ಪವೇ ಶಕ್ತಿ ಹಿಡಿಯುತ್ತದೆ, ಆದರೆ ಕ್ಷಣಾರ್ಧದಲ್ಲಿ ತುಂಬಿಕೊಂಡು ಕ್ಷಣಾರ್ಧದಲ್ಲಿ ಕೊಡುತ್ತದೆ.
3. ಅಕ್ಯುಮುಲೇಟರ್: ಇದರಲ್ಲಿ ವಿದ್ಯುತ್ ಇಲ್ಲ. ಗಟ್ಟಿ ಉಕ್ಕಿನ ಸಿಲಿಂಡರಿನಲ್ಲಿ ನೈಟ್ರೋಜನ್ ಅನಿಲ ಇರುತ್ತದೆ. ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿ ಆ ಅನಿಲವನ್ನು ಸ್ಪ್ರಿಂಗ್‌ನಂತೆ ಒತ್ತುತ್ತದೆ. ಬೇಕಾದಾಗ ಅನಿಲ ಹಿಗ್ಗಿ ಎಣ್ಣೆಯನ್ನು ಮರಳಿ ತಳ್ಳುತ್ತದೆ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಬೀದರ್–ಕಲಬುರಗಿ ಹೊಸ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ ಕಮಲಾಪುರದ ಮೂಲಕ ಓಡಿದ್ದು ಡೆಮು ರೈಲು. ಡೆಮು ಎಂದರೆ ಡೀಸೆಲ್ ಎಂಜಿನ್ ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟರ್ ತಿರುಗುವ ರೈಲು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬೆಮೆಲ್ ಸಂಸ್ಥೆ ಗಣಿಗಳಿಗಾಗಿ ತಯಾರಿಸುವ 205 ಟನ್ ಸಾಮರ್ಥ್ಯದ ದೈತ್ಯ ಡಂಪರ್ ಕೂಡ ಇದೇ ತತ್ವದ್ದು. ಇವುಗಳಲ್ಲಿ ಎಂಜಿನ್ ಮತ್ತು ಮೋಟರ್ ಎರಡೂ ಇವೆ. ಆದರೆ ಶಕ್ತಿಯನ್ನು ಕೂಡಿಡುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ‘ಡೀಸೆಲ್-ಎಲೆಕ್ಟ್ರಿಕ್’ ಎನ್ನುತ್ತಾರೆ. ಕೂಡಿಟ್ಟು ಮತ್ತೆ ಬಳಸುವ ವ್ಯವಸ್ಥೆ ಇದ್ದರೆ ಮಾತ್ರ ನಿಜವಾದ ಹೈಬ್ರಿಡ್. ಮಾರುವವರು ‘ಹೈಬ್ರಿಡ್’ ಎಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ‘ಇದರಲ್ಲಿ ಶಕ್ತಿ ಕೂಡಿಡುವುದು ಯಾವುದು?’

ಉಳಿಯುವ ಶಕ್ತಿ ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಯಾವ ಕಂಪನಿಯದಾದರೂ ಸರಿ, ಚೈನ್ ಮೇಲೆ ಓಡುವ ತೋಡುವ ಯಂತ್ರಕ್ಕೆ ‘ಹಿಟಾಚಿ’ ಎಂದೇ ಹೆಸರು. ಅದು ಕೆಲಸ ಮಾಡುವುದನ್ನು ಒಮ್ಮೆ ಗಮನಿಸಿ. ಬಕೆಟ್ ತುಂಬಿಕೊಳ್ಳುತ್ತದೆ, ತೋಳು ಮೇಲೇಳುತ್ತದೆ, ಮೇಲ್ಭಾಗ ಇಡಿಯಾಗಿ ತಿರುಗಿ ಟಿಪ್ಪರ್ ಕಡೆ ನಿಲ್ಲುತ್ತದೆ, ಮಣ್ಣು ಸುರಿದು ಮತ್ತೆ ತಿರುಗಿ ಬರುತ್ತದೆ, ತೋಳು ಕೆಳಗಿಳಿಯುತ್ತದೆ. ಟನ್‌ಗಟ್ಟಲೆ ಉಕ್ಕನ್ನು ತಿರುಗಿಸಿ ನಿಲ್ಲಿಸುವಾಗ, ಎತ್ತಿ ಇಳಿಸುವಾಗ ಆ ಶಕ್ತಿ ಎಲ್ಲಿಗೆ ಹೋಗುತ್ತದೆ? ಸಾಮಾನ್ಯ ಯಂತ್ರದಲ್ಲಿ ಅದು ಹೈಡ್ರಾಲಿಕ್ ಎಣ್ಣೆಯನ್ನು ಬಿಸಿ ಮಾಡಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಯಂತ್ರ ಅದರಲ್ಲಿ ಒಂದು ಪಾಲನ್ನು ಹಿಡಿದಿಟ್ಟು ಮುಂದಿನ ತಿರುಗಾಟಕ್ಕೆ ಬಳಸುತ್ತದೆ.

ಜಪಾನಿನ ಕೊಮಾಟ್ಸು ಕಂಪನಿ 2008ರಲ್ಲಿ ಇಂಥ 20 ಟನ್ ವರ್ಗದ ಹೈಬ್ರಿಡ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮೇಲ್ಭಾಗ ತಿರುಗಿ ನಿಲ್ಲುವಾಗ ವಿದ್ಯುತ್ ಮೋಟರ್ ಜನರೇಟರ್ ಆಗಿ ಕೆಲಸ ಮಾಡಿ ಕೆಪ್ಯಾಸಿಟರ್‌ಗೆ ಶಕ್ತಿ ತುಂಬುತ್ತದೆ. ಅಮೆರಿಕದ ಕ್ಯಾಟರ್‌ಪಿಲ್ಲರ್ 2012ರಲ್ಲಿ ಬೇರೆ ದಾರಿ ಹಿಡಿಯಿತು: ಬ್ಯಾಟರಿ, ಮೋಟರ್ ಇಲ್ಲದೆ ಅಕ್ಯುಮುಲೇಟರ್ ಬಳಸಿತು. ತಮ್ಮದೇ ಸಾಮಾನ್ಯ ಯಂತ್ರಕ್ಕೆ ಹೋಲಿಸಿ ಕೊಮಾಟ್ಸು ಹೇಳಿದ ಉಳಿತಾಯ ಸರಾಸರಿ ಶೇ 25, ಕ್ಯಾಟರ್‌ಪಿಲ್ಲರ್ ಹೇಳಿದ್ದು ಗರಿಷ್ಠ ಶೇ 25. ತಯಾರಕರೇ ಹೇಳಿಕೊಂಡ ಅಂಕಿಯೇ ಕಾಲು ಭಾಗ. ಹಾಗಿರುವಾಗ ‘ಅರ್ಧಕ್ಕೆ ಅರ್ಧ’ ಎನ್ನುವ ಫಾರ್ವರ್ಡ್ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಅರ್ಧ ಯಾಕೆ ಸಾಧ್ಯವಿಲ್ಲ? ಒಂದು ಸಣ್ಣ ಲೆಕ್ಕ ನೋಡಿ. 3 ಟನ್ ತೂಕದ ತೋಳು, ಬಕೆಟ್ 3 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 88 ಕಿಲೋಜೂಲ್. ಗಂಟೆಗೆ 150 ಸಲ ಇಳಿದರೆ ಒಟ್ಟು ಸುಮಾರು 13,000 ಕಿಲೋಜೂಲ್. ಅದರಲ್ಲಿ ಅರ್ಧವನ್ನು ಹಿಡಿದಿಟ್ಟರೂ ಸಿಗುವುದು 6,500 ಕಿಲೋಜೂಲ್. ಒಂದು ಲೀಟರ್ ಡೀಸೆಲ್‌ನಿಂದ ಎಂಜಿನ್ ಮಾಡುವ ಉಪಯುಕ್ತ ಕೆಲಸ ಸುಮಾರು 13,000 ಕಿಲೋಜೂಲ್. ಅಂದರೆ ತೋಳು ಇಳಿಯುವುದರಿಂದ ಗಂಟೆಗೆ ಉಳಿಯುವುದು ಅರ್ಧ ಲೀಟರ್ ಆಸುಪಾಸು. ತಿರುಗುವ ಭಾಗದ ಶಕ್ತಿ, ಎಂಜಿನ್ ನಿಧಾನ ವೇಗದಲ್ಲಿ ಓಡುವ ಅನುಕೂಲ ಇವೆಲ್ಲ ಸೇರಿದರೆ ಉಳಿತಾಯ ಇನ್ನಷ್ಟು ಹೆಚ್ಚುತ್ತದೆ. ಆದರೆ ಮಣ್ಣನ್ನು ಅಗೆಯಲು, ಭಾರವನ್ನು ಮೇಲಕ್ಕೆತ್ತಲು ಖರ್ಚಾಗುವ ಮುಖ್ಯ ಶಕ್ತಿ ಡೀಸೆಲ್‌ನಿಂದಲೇ ಬರಬೇಕು.

ಎರೆಮಣ್ಣಿಗೆ ಒಂದು ಲೆಕ್ಕ, ಬ್ರೇಕರ್‌ಗೆ ಇನ್ನೊಂದು

ಕಲಬುರಗಿ ಸುತ್ತಲಿನ ಕಪ್ಪು ಎರೆಮಣ್ಣು ತೊಗರಿಗೆ ಚೆನ್ನ, ಕಟ್ಟಡಕ್ಕೆ ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೇ ಇಲ್ಲಿ ಪಾಯ ಹಾಕುವಾಗ, ರಸ್ತೆ ಮಾಡುವಾಗ ಎರೆಮಣ್ಣನ್ನು ತೋಡಿ ತೆಗೆದು ಮುರುಮ್ ತುಂಬುವುದು ವಾಡಿಕೆ. ತೋಡು, ತಿರುಗು, ಟಿಪ್ಪರ್‌ಗೆ ಸುರಿ, ಮತ್ತೆ ತಿರುಗು. ಇಡೀ ದಿನ ಇದೇ ಚಲನೆ. ತಿರುಗಾಟದ ಶಕ್ತಿಯನ್ನು ಉಳಿಸುವ ಹೈಬ್ರಿಡ್ ಯಂತ್ರಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಇನ್ನೊಂದಿಲ್ಲ.

ಆದರೆ ಎರೆಮಣ್ಣಿನ ಪದರ ಮುಗಿದು ಗಟ್ಟಿ ಕಲ್ಲು ಸಿಕ್ಕಿತು ಎನ್ನಿ. ಬಕೆಟ್ ಬಿಚ್ಚಿ ಬ್ರೇಕರ್ ಹಾಕುತ್ತಾರೆ. ಆಗ ಯಂತ್ರ ಒಂದೇ ಕಡೆ ನಿಂತು ಕುಟ್ಟುತ್ತಿರುತ್ತದೆ. ತಿರುಗಾಟವೂ ಇಲ್ಲ, ತೋಳಿನ ಏರಿಳಿತವೂ ಕಡಿಮೆ. ಹಿಡಿದಿಡಲು ಶಕ್ತಿಯೇ ಇಲ್ಲದ ಮೇಲೆ ಉಳಿಯುವುದಾದರೂ ಏನು? ಪೈಪ್‌ಲೈನ್‌ಗಾಗಿ ಉದ್ದಕ್ಕೆ ಗುಂಡಿ ತೋಡಿ ಮಣ್ಣನ್ನು ಪಕ್ಕದಲ್ಲೇ ಹಾಕುವ ಕೆಲಸದಲ್ಲೂ ತಿರುಗಾಟ ಕಡಿಮೆ, ಉಳಿತಾಯವೂ ಕಡಿಮೆ.

ಹಾಗೆಯೇ ಹಳ್ಳಿ–ಪಟ್ಟಣಗಳಲ್ಲಿ ಹೆಚ್ಚು ಕಾಣುವ, ಟಯರ್ ಮೇಲೆ ಓಡುವ ಜೆಸಿಬಿ ಮಾದರಿಯ ಯಂತ್ರದ ಕೆಲಸ ಬೇರೆ. ಬೆಳಿಗ್ಗೆ ಒಂದು ಹೊಲ, ಮಧ್ಯಾಹ್ನ ಇನ್ನೊಂದು ಮನೆ ಪಾಯ ಎಂದು ಅದು ಓಡಾಡುತ್ತದೆ. ಅದರ ಹಿಂದಿನ ತೋಳು ಮಾತ್ರ ಅತ್ತಿತ್ತ ತಿರುಗುತ್ತದೆ, ಇಡೀ ಮೇಲ್ಭಾಗ ಅಲ್ಲ. ಹಿಟಾಚಿಯ ಉಳಿತಾಯದ ಅಂಕಿಯನ್ನು ತಂದು ಜೆಸಿಬಿಗೆ ಅಂಟಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ಹೈಬ್ರಿಡ್ ಅಲ್ಲದ ಯಂತ್ರಗಳೂ ಸುಧಾರಿಸುತ್ತಿವೆ. ಕ್ಯಾಟರ್‌ಪಿಲ್ಲರ್ 2017ರಲ್ಲಿ ತಂದ ಹೊಸ ತಲೆಮಾರಿನ ಸಾಮಾನ್ಯ ಯಂತ್ರಕ್ಕೂ, ತನ್ನ ಹಿಂದಿನ ಮಾದರಿಗಿಂತ ಗರಿಷ್ಠ ಶೇ 25ರವರೆಗೆ ಇಂಧನ ಉಳಿತಾಯ ಎಂದೇ ಹೇಳಿಕೊಂಡಿತು. ಅಲ್ಲಿ ಶಕ್ತಿ ಕೂಡಿಡುವ ವ್ಯವಸ್ಥೆ ಇಲ್ಲ, ಹೈಡ್ರಾಲಿಕ್ ಎಣ್ಣೆಯ ಹರಿವನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸಿ ಉಳಿಸಿದ್ದು. ಹಾಗಾಗಿ ಹತ್ತು ವರ್ಷ ಹಳೆಯ ಯಂತ್ರದ ಜೊತೆ ಹೊಸ ಹೈಬ್ರಿಡ್ ಅನ್ನು ಹೋಲಿಸುವ ವಿಡಿಯೊ ನಂಬಬೇಡಿ. ಇಂದಿನ ಸಾಮಾನ್ಯ ಯಂತ್ರದ ಜೊತೆಗೇ ಹೋಲಿಸಬೇಕು.

ದೊಡ್ಡ ಲಾಭ ಇರುವುದು ಜನರೇಟರ್‌ನಲ್ಲಿ

ಸಣ್ಣ ಕಾಮಗಾರಿಗಳ ಮಟ್ಟಿಗೆ ಹೈಬ್ರಿಡ್‌ನ ಉಪಯೋಗ ಹೆಚ್ಚು ಸ್ಪಷ್ಟವಾಗಿ ಕಾಣುವುದು ಜನರೇಟರ್‌ನಲ್ಲಿ. ಹಗಲು ಹೊತ್ತು ಲಿಫ್ಟ್, ಮಿಕ್ಸರ್, ವೈಬ್ರೇಟರ್, ವೆಲ್ಡಿಂಗ್ ಎಲ್ಲ ನಡೆಯಬೇಕೆಂದು ದೊಡ್ಡ ಜನರೇಟರ್ ತಂದಿರುತ್ತಾರೆ. ರಾತ್ರಿ ಅದೇ ಜನರೇಟರ್ ನಾಲ್ಕು ಬಲ್ಬ್, ವಾಚ್‌ಮನ್ ಕೋಣೆಯ ಫ್ಯಾನ್, ಕ್ಯಾಮೆರಾ, ಕಾರ್ಮಿಕರ ಮೊಬೈಲ್ ಚಾರ್ಜಿಂಗ್‌ಗಾಗಿ ಓಡುತ್ತಿರುತ್ತದೆ. ಹೊರೆ ಇರಲಿ ಬಿಡಲಿ, ಎಂಜಿನ್ ತಿರುಗಲು ಇಷ್ಟು ಡೀಸೆಲ್ ಎಂದು ಬೇಕೇ ಬೇಕು.

ಉದಾಹರಣೆಗೆ ಹೀಗೆ ಹಿಡಿಯೋಣ. 25 ಕೆವಿಎ ಜನರೇಟರ್ ಬಹಳ ಕಡಿಮೆ ಹೊರೆಯಲ್ಲಿ ಗಂಟೆಗೆ ಒಂದೂವರೆ ಲೀಟರ್ ಕುಡಿಯುತ್ತದೆ. ರಾತ್ರಿಯ ಹೊರೆ ಅರ್ಧ ಕಿಲೋವ್ಯಾಟ್. ಹತ್ತು ಗಂಟೆ ಓಡಿದರೆ:

• ಬಳಸಿದ ವಿದ್ಯುತ್: 5 ಯೂನಿಟ್
• ಖರ್ಚಾದ ಡೀಸೆಲ್: 15 ಲೀಟರ್

ಈಗ ಬ್ಯಾಟರಿ ಸೇರಿಸಿ. ಹಗಲಲ್ಲಿ ಜನರೇಟರ್ ಒಳ್ಳೆಯ ಹೊರೆಯಲ್ಲಿ ಓಡುತ್ತಿರುವಾಗ ಒಂದು ಲೀಟರ್‌ಗೆ ಸುಮಾರು 3 ಯೂನಿಟ್ ಕೊಡುತ್ತದೆ. ಬ್ಯಾಟರಿಯಲ್ಲಿ ಆಗುವ ನಷ್ಟ ಸೇರಿಸಿ 6 ಯೂನಿಟ್ ತುಂಬಿಸಿದರೆ 2 ಲೀಟರ್ ಸಾಕು. ರಾತ್ರಿ ಎಂಜಿನ್ ಪೂರ್ತಿ ಬಂದ್. ಉಳಿದದ್ದು 13 ಲೀಟರ್. ಲೀಟರ್‌ಗೆ 90 ರೂಪಾಯಿ ಎಂದು ಹಿಡಿದರೆ ರಾತ್ರಿಗೆ 1,170 ರೂಪಾಯಿ, ತಿಂಗಳಿಗೆ 25 ರಾತ್ರಿಯಂತೆ 29,250 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ಪ್ರತಿ ರಾತ್ರಿ 35 ಕಿಲೋ ಇಂಗಾಲದ ಡೈಆಕ್ಸೈಡ್ ಕೂಡ ತಪ್ಪಿತು.

ಜನರೇಟರ್‌ಗೂ ಇದರಿಂದ ಒಳ್ಳೆಯದು. ಸದಾ ಕಡಿಮೆ ಹೊರೆಯಲ್ಲಿ ಓಡಿದರೆ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಕೊಳವೆಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ, ರಿಪೇರಿ ಬೇಗ ಬರುತ್ತದೆ. ಇನ್ನೊಂದು ಅನುಕೂಲವೂ ಇದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿಯೇ ದೊಡ್ಡ ಜನರೇಟರ್ ತರಬೇಕಾಗುತ್ತದೆ. ತಕ್ಕ ಸಾಮರ್ಥ್ಯದ ಬ್ಯಾಟರಿ, ಇನ್ವರ್ಟರ್ ಆ ಕ್ಷಣದ ಹೊರೆಯನ್ನು ಹೊತ್ತರೆ ಚಿಕ್ಕ ಜನರೇಟರ್ ಸಾಕಾಗಬಹುದು.

ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಸಿಗುತ್ತದೆಯೇ? ನಗರದೊಳಗಿನ ಕಟ್ಟಡಕ್ಕೆ ಲೈನ್ ಪಕ್ಕದಲ್ಲೇ ಇದ್ದರೆ, ಜನರೇಟರ್ ಓಡಿಸಿ ಪಡೆಯುವ ಯೂನಿಟ್‌ಗಿಂತ ಲೈನ್ ಕರೆಂಟ್ ಅಗ್ಗ. ಮೇಲಿನ ಲೆಕ್ಕದಲ್ಲಿ ಒಳ್ಳೆಯ ಹೊರೆಯಲ್ಲೂ ಜನರೇಟರ್‌ನ ಒಂದು ಯೂನಿಟ್‌ಗೆ ಡೀಸೆಲ್ ಖರ್ಚೇ 30 ರೂಪಾಯಿ. ಲೈನ್ ದೂರ ಇರುವ ರಸ್ತೆ ಕೆಲಸ, ಸೇತುವೆ ಕೆಲಸಗಳಲ್ಲಿ ಹೈಬ್ರಿಡ್ ಜನರೇಟರ್‌ಗೆ ನಿಜವಾದ ಅರ್ಥ ಬರುತ್ತದೆ. ಕಲಬುರಗಿಯಿಂದ ಕಮಲಾಪುರದ ಮೂಲಕ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಂಥ ಕಡೆ ಊರು ದಾಟಿದ ಮೇಲೆ ನಡೆಯುವ ಕೆಲಸವನ್ನು ಹೀಗೆ ನೆನೆಸಿಕೊಳ್ಳಬಹುದು.

ಸೌರ ದೀಪಸ್ತಂಭ: ಮೊದಲು ಬಲ್ಬ್ ಬದಲಿಸಿ

ರಾತ್ರಿ ಕೆಲಸಕ್ಕೆ ಎತ್ತರದ ಕಂಬದ ಮೇಲೆ ನಾಲ್ಕು ದೊಡ್ಡ ದೀಪ ಇರುವ ಗಾಡಿಗಳನ್ನು ನೋಡಿರುತ್ತೀರಿ. ಹಳೆಯ ಬಗೆಯ ಮೆಟಲ್ ಹಾಲೈಡ್ ದೀಪ ಒಂದೊಂದೂ 1,000 ವ್ಯಾಟ್. ನಾಲ್ಕಕ್ಕೆ 4 ಕಿಲೋವ್ಯಾಟ್, ಹತ್ತು ಗಂಟೆಗೆ 40 ಯೂನಿಟ್. ಎಲ್‌ಇಡಿ ಹಾಕಿದರೆ ಸುಮಾರು 1.2 ಕಿಲೋವ್ಯಾಟ್‌ನಲ್ಲಿ ಕೆಲಸ ನಡೆಯುತ್ತದೆ, ಹತ್ತು ಗಂಟೆಗೆ 12 ಯೂನಿಟ್.

ಕಲಬುರಗಿಯ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ 4ರಿಂದ 5 ಯೂನಿಟ್ ಕೊಡುತ್ತದೆ. 12 ಯೂನಿಟ್‌ಗೆ 3 ಕಿಲೋವ್ಯಾಟ್ ಫಲಕ ಸಾಕು. 40 ಯೂನಿಟ್ ಬೇಕೆಂದರೆ 8ರಿಂದ 10 ಕಿಲೋವ್ಯಾಟ್ ಫಲಕ ಬೇಕು, ಅದನ್ನು ಗಾಡಿಯ ಮೇಲೆ ಹೊರುವುದೇ ಕಷ್ಟ. ದೀಪ ಬದಲಿಸದೆ ಸೌರ ಹೈಬ್ರಿಡ್ ಕೊಳ್ಳುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಜೊತೆಗೆ ಎರಡು ಎಚ್ಚರಿಕೆ: ಕಾಮಗಾರಿ ಧೂಳು ಫಲಕದ ಮೇಲೆ ಕೂತರೆ ಉತ್ಪಾದನೆ ಇಳಿಯುತ್ತದೆ, ಆಗಾಗ ಒರೆಸಬೇಕು. ಮಳೆಗಾಲದ ಮೋಡದ ದಿನಗಳಲ್ಲಿ ಡೀಸೆಲ್ ನೆರವು ಬೇಕಾಗುತ್ತದೆ.

ಹೊಗೆ, ಸದ್ದು ಮತ್ತು ಕಾರ್ಮಿಕರ ಆರೋಗ್ಯ

ಹಣದ ಲೆಕ್ಕದಲ್ಲಿ ಕಾಣದ ಲಾಭ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ದಿನವಿಡೀ ಯಂತ್ರದ ಪಕ್ಕದಲ್ಲೇ ನಿಲ್ಲುವ ಗೌಂಡಿಗಳು, ಹೆಲ್ಪರ್‌ಗಳು, ಆಪರೇಟರ್‌ಗಳು, ಮಣ್ಣು–ಉಸುಕು ಹೊರುವ ಹೆಣ್ಣುಮಕ್ಕಳು ಎಲ್ಲರಿಗಿಂತ ಹೆಚ್ಚು ಈ ಹೊಗೆ ಕುಡಿಯುತ್ತಾರೆ. ಎಷ್ಟು ಗಂಟೆ ಎಂಜಿನ್ ನಿಲ್ಲುತ್ತದೆಯೋ ಅಷ್ಟು ಗಂಟೆ ಅವರಿಗೆ ಬಿಡುವು.

ಸುರಂಗದಂಥ ಜಾಗದಲ್ಲಿ ಇದು ಇನ್ನೂ ಮುಖ್ಯ. ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಕಮಲಾಪುರ ತಾಲ್ಲೂಕಿನ ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರ್‌ಗಿಂತ ಉದ್ದದ ಸುರಂಗ ಇದೆ. ಇಂಥ ಸುರಂಗ ಕೊರೆಯುವಾಗ ಒಳಗೆ ಓಡುವ ಪ್ರತಿ ಡೀಸೆಲ್ ಎಂಜಿನ್‌ನ ಹೊಗೆಯನ್ನೂ ದೊಡ್ಡ ಫ್ಯಾನ್ ಇಟ್ಟು ಹೊರಗೆ ತಳ್ಳಬೇಕಾಗುತ್ತದೆ. ಒಳಗೆ ಬ್ಯಾಟರಿಯಲ್ಲಿ, ಹೊರಗೆ ಡೀಸೆಲ್‌ನಲ್ಲಿ ಓಡುವ ಯಂತ್ರ ಇದ್ದರೆ ಒಳಗಿರುವವರ ಉಸಿರಾಟ ಸುಲಭವಾಗುತ್ತದೆ, ಫ್ಯಾನ್‌ನ ಹೊರೆಯೂ ಇಳಿಯುತ್ತದೆ.

ಸದ್ದಿನ ವಿಷಯಕ್ಕೆ ಕಾನೂನೇ ಇದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯದಲ್ಲಿ ರಾತ್ರಿ ಸದ್ದು ಮಾಡುವ ಕಾಮಗಾರಿ ಯಂತ್ರಗಳನ್ನು ಓಡಿಸುವಂತಿಲ್ಲ. ಹೈಬ್ರಿಡ್ ಜನರೇಟರ್ ರಾತ್ರಿ ಬ್ಯಾಟರಿಯಲ್ಲಿ ನಡೆದರೆ ಅಕ್ಕಪಕ್ಕದ ಮನೆಯವರಿಗೂ ಆಸ್ಪತ್ರೆಯ ರೋಗಿಗಳಿಗೂ ನಿದ್ದೆ ಬರುತ್ತದೆ. ಆದರೆ ಬ್ರೇಕರ್ ಕಲ್ಲಿಗೆ ಹೊಡೆಯುವ ಸದ್ದು ಹೈಬ್ರಿಡ್‌ನಿಂದ ಕಡಿಮೆಯಾಗುವುದಿಲ್ಲ. ‘ಹೈಬ್ರಿಡ್ ಇದೆ, ರಾತ್ರಿ ಒಡೆಯಬಹುದು’ ಎನ್ನುವುದು ತಪ್ಪು.

ಧೂಳಿನ ಮಾತೂ ಅಷ್ಟೇ. ಕಲ್ಲು ಒಡೆಯುವಾಗ, ಕಾಂಕ್ರೀಟ್ ಕೊರೆಯುವಾಗ, ಫರಸಿ ಕತ್ತರಿಸುವಾಗ ಏಳುವ ಧೂಳಿಗೆ ಎಂಜಿನ್ ಕಾರಣವಲ್ಲ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ. ಅದಕ್ಕೆ ನೀರು ಚಿಮುಕಿಸುವುದು, ಸರಿಯಾದ ಮುಖಗವಸು ಕೊಡುವುದೇ ದಾರಿ.

ದಯವಿಟ್ಟು ಇದನ್ನು ಎಲ್ಲರಿಗೂ ಹೇಳಿ

ಜನರೇಟರ್ ಯಾವುದೇ ಇರಲಿ, ಹೈಬ್ರಿಡ್ ಎಂದು ಬರೆದಿದ್ದರೂ ಸರಿ, ನೆಲಮಾಳಿಗೆ, ಅಂಗಡಿ ಮಳಿಗೆ, ತಗಡಿನ ಶೆಡ್, ಬಾಗಿಲು ಮುಚ್ಚಿದ ಕೋಣೆಯ ಒಳಗೆ ಓಡಿಸಬೇಡಿ. ಕಾರ್ಮಿಕರು ಮಲಗುವ ಜಾಗದ ಕಿಟಕಿ ಪಕ್ಕದಲ್ಲೂ ಇಡಬೇಡಿ. ಎಂಜಿನ್‌ನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಹೈಬ್ರಿಡ್‌ನಲ್ಲಿ ಇನ್ನೊಂದು ಅಪಾಯ ಉಂಟು: ಬ್ಯಾಟರಿ ಇಳಿದಾಗ ಎಂಜಿನ್ ನಡುರಾತ್ರಿ ತಾನಾಗಿಯೇ ಶುರುವಾಗಬಹುದು. ‘ಬ್ಯಾಟರಿಯಲ್ಲಿದೆ, ಹೊಗೆ ಇಲ್ಲ’ ಎಂದು ಒಳಗಿಟ್ಟುಕೊಂಡು ಮಲಗಬೇಡಿ. ತಲೆನೋವು, ವಾಕರಿಕೆ, ತಲೆಸುತ್ತು ಒಟ್ಟಿಗೆ ಹಲವರಿಗೆ ಬಂದರೆ ತಕ್ಷಣ ಹೊರಗಿನ ಗಾಳಿಗೆ ಬನ್ನಿ, 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಹೇಳುವುದೇನು, ನಿಜ ಏನು?

ಹೇಳಿಕೆ: ಹೈಬ್ರಿಡ್ ತನ್ನನ್ನು ತಾನೇ ಚಾರ್ಜ್ ಮಾಡಿಕೊಂಡು ಡೀಸೆಲ್ ಇಲ್ಲದೆ ಓಡುತ್ತದೆ.
ನಿಜ: ಇಲ್ಲ. ಯಾವ ಯಂತ್ರವೂ ತಾನು ಪಡೆದದ್ದಕ್ಕಿಂತ ಹೆಚ್ಚು ಶಕ್ತಿ ಕೊಡಲಾರದು. ಡೀಸೆಲ್, ಲೈನ್ ಕರೆಂಟ್, ಬಿಸಿಲು ಇವುಗಳಲ್ಲಿ ಒಂದಾದರೂ ಹೊರಗಿನಿಂದ ಬರಲೇಬೇಕು. ಮೋಟರ್ ಜನರೇಟರ್ ಅನ್ನು ತಿರುಗಿಸಿ, ಜನರೇಟರ್ ಮೋಟರ್ ಅನ್ನು ತಿರುಗಿಸುವ ವಿಡಿಯೊ ನೋಡಿದರೆ ಎಲ್ಲೋ ಒಂದು ತಂತಿ ಅಡಗಿದೆ ಎಂದೇ ತಿಳಿಯಿರಿ.

ಹೇಳಿಕೆ: ಕಲಬುರಗಿ ಬಿಸಿಲಿಗೆ ಬ್ಯಾಟರಿ ಸಿಡಿಯುತ್ತದೆ.
ನಿಜ: ಬಿಸಿಲಿನಿಂದಲೇ ಸಿಡಿಯುವುದಿಲ್ಲ, ಆದರೆ ಬಿಸಿಲು ಬ್ಯಾಟರಿಯ ಶತ್ರು ಎನ್ನುವುದು ಹೌದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವಷ್ಟು ಬಿಸಿಲಿರುತ್ತದೆ. ಲಿಥಿಯಂ ಬ್ಯಾಟರಿಗೆ ಹಿತವಾದದ್ದು ಸುಮಾರು 15ರಿಂದ 35 ಡಿಗ್ರಿ. 45 ಡಿಗ್ರಿ ದಾಟಿದ ಮೇಲೆ ಒಳ್ಳೆಯ ಬ್ಯಾಟರಿಯ ನಿಯಂತ್ರಣ ವ್ಯವಸ್ಥೆ ಚಾರ್ಜಿಂಗ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ನೆರಳು, ಗಾಳಿಯಾಡುವ ಜಾಗ ಬೇಕು. ನಿಯಂತ್ರಣ ವ್ಯವಸ್ಥೆ ಇಲ್ಲದ ಅಗ್ಗದ ಬ್ಯಾಟರಿ, ಪೆಟ್ಟು ಬಿದ್ದು ಉಬ್ಬಿದ ಬ್ಯಾಟರಿ ನಿಜಕ್ಕೂ ಅಪಾಯ.

ಹೇಳಿಕೆ: ಮಳೆಯಲ್ಲಿ ಹೈಬ್ರಿಡ್ ಮುಟ್ಟಿದರೆ ಶಾಕ್.
ನಿಜ: ಕಂಪನಿಯಿಂದ ಬಂದ ಯಂತ್ರದ ವಿದ್ಯುತ್ ಭಾಗಗಳು ನೀರು ಹೋಗದಂತೆ ಮುಚ್ಚಿರುತ್ತವೆ. ಅಪಾಯ ಇರುವುದು ಬಿಚ್ಚಿದಾಗ. ದಪ್ಪ ಕಿತ್ತಳೆ ಬಣ್ಣದ ಕೇಬಲ್ ಎಂದರೆ ಹೆಚ್ಚು ವೋಲ್ಟೇಜ್ ಎಂಬ ಗುರುತು. ಎಂಜಿನ್ ಬಂದ್ ಮಾಡಿದ ಮೇಲೂ ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಅಕ್ಯುಮುಲೇಟರ್‌ನಲ್ಲಿ ಒತ್ತಡ ಉಳಿದಿರುತ್ತದೆ, ಅದಕ್ಕೆ ವೆಲ್ಡಿಂಗ್ ಮಾಡುವುದು, ತೂತು ಕೊರೆಯುವುದು ಪ್ರಾಣಾಪಾಯ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ.

ಹೇಳಿಕೆ: ಹೈಬ್ರಿಡ್ ಯಂತ್ರಕ್ಕೆ ಹೊಗೆ ನಿಯಮ ಅನ್ವಯಿಸುವುದಿಲ್ಲ.
ನಿಜ: ಅನ್ವಯಿಸುತ್ತದೆ. ಅದರೊಳಗಿರುವ ಡೀಸೆಲ್ ಎಂಜಿನ್ ಕೂಡ ಮಾನದಂಡಕ್ಕೆ ತಕ್ಕಂತೆ ಇರಬೇಕು. ಹೊಸ ಜನರೇಟರ್‌ಗಳಿಗೆ ಸಿಪಿಸಿಬಿ 4+ ಮಾನದಂಡ 2023ರ ಜುಲೈ 1ರಿಂದ, ಹೊಸ ಕಾಮಗಾರಿ ವಾಹನಗಳಿಗೆ ಐದನೇ ಹಂತದ ಮಾನದಂಡ 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಕೊಳ್ಳಬೇಕೇ? ಲೆಕ್ಕ ನೀವೇ ಹಾಕಿ

ಒಂದು ಹಿಟಾಚಿ ಗಂಟೆಗೆ 12 ಲೀಟರ್ ಕುಡಿಯುತ್ತದೆ, ಡೀಸೆಲ್ 90 ರೂಪಾಯಿ, ಹೈಬ್ರಿಡ್‌ಗೆ 15 ಲಕ್ಷ ಹೆಚ್ಚು ಬೆಲೆ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕ ತಿಳಿಯಲು ಮಾತ್ರ. ನಿಮ್ಮ ಯಂತ್ರದ ಅಂಕಿ ಹಾಕಿ ಮತ್ತೆ ಮಾಡಿ.

• ವರ್ಷಕ್ಕೆ 2,000 ಗಂಟೆ ಕೆಲಸ, ಶೇ 20 ಉಳಿತಾಯ: 4,800 ಲೀಟರ್, ಅಂದರೆ 4,32,000 ರೂಪಾಯಿ. ಹೆಚ್ಚುವರಿ ಹಣ ಮೂರೂವರೆ ವರ್ಷದಲ್ಲಿ ವಾಪಸ್.
• ವರ್ಷಕ್ಕೆ 800 ಗಂಟೆ, ಶೇ 20 ಉಳಿತಾಯ: 1,920 ಲೀಟರ್, 1,72,800 ರೂಪಾಯಿ. ಹಣ ಬರಲು ಸುಮಾರು ಎಂಟೂಮುಕ್ಕಾಲು ವರ್ಷ.
• ವರ್ಷಕ್ಕೆ 800 ಗಂಟೆ, ಹೆಚ್ಚಾಗಿ ಬ್ರೇಕರ್ ಕೆಲಸ, ಶೇ 8 ಉಳಿತಾಯ: 768 ಲೀಟರ್, 69,120 ರೂಪಾಯಿ. 21 ವರ್ಷಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಯಂತ್ರವೇ ಹಳತಾಗಿರುತ್ತದೆ.

ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ. ಒಂದೇ ಯಂತ್ರ, ಆದರೆ ಮೂರು ಉತ್ತರ. ದೊಡ್ಡ ಹೆದ್ದಾರಿ ಗುತ್ತಿಗೆದಾರನಿಗೆ ಲಾಭ ತಂದದ್ದು ಊರಿನ ಒಂಟಿ ಯಂತ್ರದ ಮಾಲೀಕನಿಗೆ ಹೊರೆಯಾಗಬಹುದು.

ಕೊಳ್ಳುವ ಅಥವಾ ಬಾಡಿಗೆಗೆ ತರುವ ಮೊದಲು ಇವನ್ನು ಕೇಳಿ:

1. ಉಳಿತಾಯದ ಅಂಕಿ ಯಾವ ಕೆಲಸದಲ್ಲಿ, ಯಾವ ಯಂತ್ರಕ್ಕೆ ಹೋಲಿಸಿದ್ದು?
2. ನನ್ನ ಕೆಲಸದ ಜಾಗದಲ್ಲೇ ಒಂದು ವಾರ ಓಡಿಸಿ ಡೀಸೆಲ್ ಅಳೆದು ತೋರಿಸುತ್ತೀರಾ?
3. ಬ್ಯಾಟರಿ ಅಥವಾ ಕೆಪ್ಯಾಸಿಟರ್‌ಗೆ ಎಷ್ಟು ವರ್ಷ ವಾರಂಟಿ? ಬದಲಿಸಲು ಎಷ್ಟು?
4. 45 ಡಿಗ್ರಿ ಬಿಸಿಲಿನಲ್ಲಿ ಪೂರ್ತಿ ಸಾಮರ್ಥ್ಯ ಸಿಗುತ್ತದೆಯೇ?
5. ತರಬೇತಾದ ಮೆಕ್ಯಾನಿಕ್ ಕಲಬುರಗಿಯಲ್ಲಿದ್ದಾರೆಯೇ, ಹೈದರಾಬಾದ್, ಬೆಂಗಳೂರಿನಿಂದ ಬರಬೇಕೇ? ಯಂತ್ರ ನಿಂತ ದಿನ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಖರ್ಚಿಲ್ಲದ ಉಳಿತಾಯವೂ ಒಂದಿದೆ. ಟಿಪ್ಪರ್ ಬರುವವರೆಗೆ, ಊಟದ ಹೊತ್ತಿನಲ್ಲಿ ಎಂಜಿನ್ ಸುಮ್ಮನೆ ಓಡಿಸುವುದನ್ನು ನಿಲ್ಲಿಸಿ. ಸುಮ್ಮನೆ ನಿಂತ ಯಂತ್ರ ಗಂಟೆಗೆ 3 ಲೀಟರ್ ಕುಡಿಯುತ್ತದೆ ಎಂದು ಹಿಡಿದರೆ, ದಿನಕ್ಕೆ 2 ಗಂಟೆಯಂತೆ 250 ದಿನಕ್ಕೆ 1,500 ಲೀಟರ್, ಅಂದರೆ 1,35,000 ರೂಪಾಯಿ. ಮೇಲಿನ ಮೂರನೇ ಉದಾಹರಣೆಯ ಹೈಬ್ರಿಡ್ ಉಳಿಸುವುದರ ಸುಮಾರು ಎರಡು ಪಟ್ಟು. ಆಪರೇಟರ್‌ಗೆ ಅದರಲ್ಲಿ ಒಂದು ಪಾಲು ಬೋನಸ್ ಕೊಟ್ಟರೂ ಲಾಭವೇ.

ಕೊನೆಯ ಮಾತು

ಹೈಬ್ರಿಡ್ ಮೋಸವಲ್ಲ, ಪವಾಡವೂ ಅಲ್ಲ. ಜನರೇಟರ್‌ಗೆ ಬ್ಯಾಟರಿ, ಕಂಬಕ್ಕೆ ಎಲ್‌ಇಡಿ, ದಿನವಿಡೀ ಮಣ್ಣು ತುಂಬುವ ಯಂತ್ರಕ್ಕೆ ಹೈಬ್ರಿಡ್: ಇಷ್ಟು ಕಡೆ ಲಾಭ ನಿಚ್ಚಳ. ಉಳಿದ ಕಡೆ ಅಳೆದು ನೋಡಿಯೇ ನಿರ್ಧರಿಸಬೇಕು. ‘ಡೀಸೆಲ್ ಬೇಕಿಲ್ಲ’ ಎನ್ನುವ ವಿಡಿಯೊ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ‘ಈ ಯಂತ್ರಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ?’ ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಕಾಮಗಾರಿಯಲ್ಲಿರುವ ನಿಮ್ಮ ಪರಿಚಯದವರಿಗೆಲ್ಲ ಇವತ್ತೇ ಕಳಿಸಿ.